ಲೋರೈಡರ್ (ಪಂಪುಗಳಿಂದ ಏರಿಳಿಯುವಂತೆ ಮಾರ್ಪಡಿಸಿದ ಕಾರು) ಇಂಪಾಲಾದ ಹೈಡ್ರಾಲಿಕ್ಸ್ ಬ್ಯಾಟರಿಯಿಂದಲೇ ಡಿಕ್ಕಿಯ ಆಂಪ್ಲಿಫೈಯರ್‌ಗೂ ಕರೆಂಟ್ ತೆಗೆಯಬಹುದೇ?

ಬೇಡ. ಎರಡು ಪಂಪಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಆರು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ, ಒಟ್ಟು 72 ವೋಲ್ಟ್. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಬೇಕಿರುವುದು 12 ವೋಲ್ಟ್. ಹಾಗಂತ ಸರಣಿಯ ಒಂದೇ ಬ್ಯಾಟರಿಯಿಂದ ಎಳೆದರೆ ಅದೊಂದೇ ಬೇಗ ಇಳಿಯುತ್ತದೆ; ಚಾರ್ಜಿಗೆ ಹಾಕಿದಾಗ ಉಳಿದ ಐದು ಓವರ್‌ಚಾರ್ಜ್ ಆಗಿ ಕುದಿಯುತ್ತವೆ, ಇದು ಅರ್ಧಕ್ಕೇ ನಿಲ್ಲುತ್ತದೆ. ಮೇಲಾಗಿ ಸ್ವಿಚ್ ಒತ್ತಿದಾಗ ಪಂಪ್ ಮೋಟಾರು ನೂರಾರು ಆಂಪಿಯರ್ ಎಳೆದು ವೋಲ್ಟೇಜ್ ಕುಸಿದರೆ ಆಂಪ್ ಪಟ್ಟನೆ ಆಫ್.

ಆಂಪ್‌ಗೆ ಪ್ರತ್ಯೇಕ ಎಜಿಎಂ ಬ್ಯಾಟರಿ (ಸೋರದ, ಮುಚ್ಚಿದ ಬಗೆಯದು) ಇಟ್ಟು ಆಲ್ಟರ್ನೇಟರ್‌ಗೆ ಜೋಡಿಸಿ. ಆ ಕೇಬಲ್ಲಿಗೆ ಗಾಡಿಯ ಮುಖ್ಯ ಬ್ಯಾಟರಿ ಮತ್ತು ಈ ಎಜಿಎಂ, ಎರಡರ ಹತ್ತಿರವೂ, 45 ಸೆಂ.ಮೀ. ಒಳಗೆ, ಫ್ಯೂಸ್ ಇರಲಿ.

ಪಂಪ್ ಮೋಟಾರಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಬೆಸೆದುಕೊಂಡು ಪಂಪ್ ನಿಲ್ಲದೇ ಹೋಗುವುದು ಅಪರೂಪವಲ್ಲ. ಆಗ ಕರೆಂಟ್ ಕಡಿಯಲು ಬೇಕಾಗುವ, ಹೈಡ್ರಾಲಿಕ್ಸ್ ಗ್ರೌಂಡ್ ತಂತಿಯನ್ನು ತಟ್ಟನೆ ಬಿಡಿಸುವ ಕ್ವಿಕ್ ಡಿಸ್ಕನೆಕ್ಟನ್ನು ಸಬ್‌ವೂಫರ್ ಪೆಟ್ಟಿಗೆಯ ಹಿಂದೆ ಹೂತಿಡಬೇಡಿ. ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊರಬರುವುದರಿಂದ ಡಿಕ್ಕಿ ತೆರೆದೇ ಇರಲಿ.