ಕಾರಿನ ಬ್ಯಾಟರಿ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಮ್ಮದು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿಯೇ ಆಫ್ ಆಗಿ, ಕ್ಲಚ್ ಒತ್ತಿದೊಡನೆ ಮತ್ತೆ ಚಾಲೂ ಆಗುವ ಪೆಟ್ರೋಲ್ ಕಾರು. ಕೊಂಡು ನಾಲ್ಕು ವರ್ಷ ದಾಟಿದೆ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಲು ಹೋದರೆ ಟಕಟಕ ಸದ್ದು ಮಾತ್ರ ಬರುತ್ತದೆ. ಸರ್ವೀಸ್ ಸೆಂಟರ್‌ನವರು, ‘ಈಗಿನ ಕಾರಿನಲ್ಲಿ ಕಂಪ್ಯೂಟರ್ ಇರುತ್ತದೆ, ಹೊರಗೆ ಬ್ಯಾಟರಿ ಮುಟ್ಟಿಸಬೇಡಿ’ ಎನ್ನುತ್ತಾರೆ. ಪಕ್ಕದ ಮನೆಯವರು, ‘ಎರಡು ನಟ್ಟಿನ ಕೆಲಸ, ನಾನೇ ಮಾಡಿಕೊಡುತ್ತೇನೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಮೇಷ್ಟ್ರೇ, ಈ ಕೆಲಸವನ್ನು ನಿಮ್ಮ ಮನೆಯ ಅಂಗಳದಲ್ಲೇ ಮಾಡಬಹುದು. ಆದರೆ ಅದು ಎರಡು ನಟ್ಟಿನ ಕೆಲಸವಲ್ಲ. ಹಾಸನದ ನನ್ನ ಅಂಗಡಿಗೆ ಬರುವ ಬ್ಯಾಟರಿ ತಕರಾರುಗಳಲ್ಲಿ ಹೆಚ್ಚಿನವು ನಟ್ಟು ಬಿಚ್ಚಿದ್ದರಿಂದ ಆದವಲ್ಲ, ತಪ್ಪು ಬ್ಯಾಟರಿ ಕೊಂಡಿದ್ದರಿಂದ ಆದವು.

ಮೊದಲು ಬ್ಯಾಟರಿಯೇ ಸೋತಿದೆಯೇ ಎಂದು ನೋಡಿ. ಟರ್ಮಿನಲ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಒರೆಸಿ, ಒಣಗಿಸಿ, ಬಿಗಿ ಮಾಡಿ. ಅಷ್ಟಕ್ಕೇ ಸರಿಹೋಗುವ ಕಾರುಗಳೂ ಇವೆ. ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ತಿ ಇದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ತಿಳಿಯಿರಿ. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರ್ ತಾನೇ ಚಾರ್ಜಿಂಗ್ ಇಳಿಸುತ್ತದೆ, ಆದ್ದರಿಂದ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ. ಆಗಲೂ ಏರದಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಗಮನ ಕೊಡಿ. ಅದು ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಖಾಲಿಯಾಗುತ್ತದೆ, ದುಡ್ಡು ದಂಡ.

ಇನ್ನು ಕೊಳ್ಳುವ ವಿಚಾರ. ನಿಮ್ಮ ಕಾರಿನ ಬ್ಯಾಟರಿಯ ಮೇಲೆ ಇಎಫ್‌ಬಿ ಅಥವಾ ಎಜಿಎಂ ಎಂದು ಬರೆದಿರುತ್ತದೆ. ಪ್ರತಿ ಸಿಗ್ನಲ್‌ನಲ್ಲೂ ಎಂಜಿನ್ ಎಬ್ಬಿಸುವ ಕೆಲಸಕ್ಕೆಂದೇ ತಯಾರಾದ ಬ್ಯಾಟರಿಗಳು ಇವು. ‘ಅಳತೆ ಒಂದೇ, ಬೆಲೆ ಕಡಿಮೆ’ ಎಂದು ಅಂಗಡಿಯವರು ಮಾಮೂಲಿ ಬ್ಯಾಟರಿ ಮುಂದಿಟ್ಟರೆ ದಯವಿಟ್ಟು ಒಪ್ಪಬೇಡಿ. ಮೊದಲ ದಿನಗಳಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಅದೇ ಮೋಸ. ಇಎಫ್‌ಬಿ ಇದ್ದಲ್ಲಿಗೆ ಇಎಫ್‌ಬಿಯನ್ನೇ ಹಾಕಿ. ಎಜಿಎಂ ಇದ್ದ ಕಾರಿಗೆ ಇಎಫ್‌ಬಿಯಾಗಲಿ ಮಾಮೂಲಿಯಾಗಲಿ ಬೇಡವೇ ಬೇಡ. ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯ) ಜೊತೆಗೆ ಪ್ಲಸ್ ಯಾವ ಬದಿಗಿದೆ ಎಂಬುದನ್ನೂ ಎತ್ತರವನ್ನೂ ಹೊಂದಿಸಿಕೊಳ್ಳಿ. ಬದಿ ಅದಲುಬದಲಾದರೆ ಕೇಬಲ್ ಎಳೆದು ಕಟ್ಟಬೇಕಾಗುತ್ತದೆ, ಎತ್ತರ ಹೆಚ್ಚಾದರೆ ಬಾನೆಟ್ ಟರ್ಮಿನಲ್‌ಗೆ ತಾಗಬಹುದು. ತಯಾರಾದ ತಿಂಗಳನ್ನು ಓದಿಸಿಕೊಳ್ಳಿ, ಅಂಗಡಿಯಲ್ಲೇ ವೋಲ್ಟೇಜ್ ನೋಡಿಸಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ.

ಕಂಪ್ಯೂಟರ್ ಮಾತು ಸುಳ್ಳಲ್ಲ. ಮೈನಸ್ ಕ್ಲ್ಯಾಂಪಿನ ಬಳಿ ಬೆಂಕಿಪೊಟ್ಟಣದಂಥ ಒಂದು ಸೆನ್ಸರ್ ಕಾಣಿಸಿದರೆ, ಬ್ಯಾಟರಿಗೆ ಹೋಗುವ ಮತ್ತು ಬರುವ ಕರೆಂಟಿನ ಲೆಕ್ಕ ಇಡುವುದು ಅದೇ. ಅದನ್ನು ತಿರುಚಬೇಡಿ, ಬಡಿಯಬೇಡಿ. ಬಿಎಂಡಬ್ಲ್ಯು, ಆಡಿಯಂಥ ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್ ಮೂಲಕ ದಾಖಲಿಸಬೇಕಾಗುತ್ತದೆ. ಇಲ್ಲದಿದ್ದರೆ ಹಳೆಯ ಬ್ಯಾಟರಿಯೇ ಇದೆ ಎಂದುಕೊಂಡು ಕಂಪ್ಯೂಟರ್ ಹಾಗೆಯೇ ಚಾರ್ಜ್ ಮಾಡುತ್ತಿರುತ್ತದೆ. ಆದರೆ ನಮ್ಮಲ್ಲಿ ಓಡಾಡುವ ಅನೇಕ ಸಣ್ಣ ಕಾರುಗಳಿಗೆ ಇದರ ಅಗತ್ಯವಿಲ್ಲ. ‘ನಮ್ಮ ಮಾಡೆಲ್‌ಗೆ ಬ್ಯಾಟರಿ ರಿಜಿಸ್ಟ್ರೇಷನ್ ಬೇಕೇ?’ ಎಂದು ಸರ್ವೀಸ್ ಸೆಂಟರ್‌ನವರನ್ನು ನೇರವಾಗಿ ಕೇಳಿ, ಮ್ಯಾನುಯಲ್‌ನಲ್ಲೂ ನೋಡಿ. ಬೇಕೆಂದಾದರೆ ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್‌ಗಳೂ ಮಾಡಿಕೊಡುತ್ತಾರೆ.

ಈಗ ಸ್ಪ್ಯಾನರ್ ಹಿಡಿಯಿರಿ. ಡ್ರೈವರ್ ಬದಿಯ ಗಾಜು ಇಳಿಸಿ, ಬಾನೆಟ್ ತೆರೆದಿಡಿ, ಕೀಲಿಯನ್ನು ಮನೆಯೊಳಗೆ ಇಟ್ಟುಬನ್ನಿ. ಎಂಜಿನ್ ನಿಲ್ಲಿಸಿದ ಮೇಲೂ ಕಾರಿನ ಕಂಪ್ಯೂಟರ್‌ಗಳು ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತವೆ. ಕಾಲು ಗಂಟೆ ಬಿಟ್ಟು ಕೆಲಸಕ್ಕೆ ಇಳಿಯಿರಿ. ಉಂಗುರ, ವಾಚು ತೆಗೆದಿಡಿ. ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ.

ಮೊದಲು ಮೈನಸ್ ಬಿಚ್ಚಬೇಕು, ಯಾವಾಗಲೂ. ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುವುದರಿಂದ, ಮೊದಲು ಪ್ಲಸ್‌ಗೆ ಕೈಹಾಕಿದರೆ ಸ್ಪ್ಯಾನರಿನ ಇನ್ನೊಂದು ತುದಿ ಎಲ್ಲಿ ತಾಗಿದರೂ ಕಿಡಿ ಹಾರುತ್ತದೆ. ಬಿಚ್ಚಿದ ಮೈನಸ್ ಕ್ಲ್ಯಾಂಪಿಗೆ ಒಣಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ, ಅದು ತಾನಾಗಿ ವಾಪಸು ಬಂದು ತಾಗುವ ಸ್ವಭಾವದ್ದು. ನಂತರ ಪ್ಲಸ್. ಅನೇಕ ಹೊಸ ಕಾರುಗಳಲ್ಲಿ ಪ್ಲಸ್ ಕ್ಲ್ಯಾಂಪಿನ ಮೇಲೇ ಫ್ಯೂಸ್ ಬಾಕ್ಸ್ ಕೂತಿರುತ್ತದೆ, ಅದನ್ನು ಜಗ್ಗದೆ ಒಟ್ಟಿಗೇ ಮೇಲಕ್ಕೆತ್ತಿ. ಕೊನೆಗೆ ಬ್ಯಾಟರಿಯನ್ನು ಹಿಡಿದಿರುವ ಪಟ್ಟಿ. ಬ್ಯಾಟರಿ ಹತ್ತು ಕಿಲೋಗಿಂತ ಹೆಚ್ಚೇ ತೂಗಬಹುದು, ಎತ್ತುವುದಕ್ಕೆ ಪಕ್ಕದ ಮನೆಯವರನ್ನು ಕರೆಯಿರಿ.

ಕೂರಿಸುವಾಗ ಕ್ರಮ ತಿರುಗುಮುರುಗು: ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೈನಸ್ ತಾಗುವಾಗ ಸಣ್ಣ ಕಿಡಿ ಬಂದರೆ ಹೆದರಬೇಡಿ. ಕ್ಲ್ಯಾಂಪನ್ನು ಸುತ್ತಿಗೆಯಿಂದ ಬಡಿದು ಇಳಿಸಬೇಡಿ; ಕೈಯಿಂದ ತಿರುಗಿಸಿದರೆ ಅಲುಗಾಡದಷ್ಟು ಬಿಗಿ ಸಾಕು. ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಹಿಡಿಕೆಯ ಪಟ್ಟಿಯನ್ನು ಹಾಕದೆ ಬಿಡುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಿಮ್ಮ ಘಾಟಿ ರಸ್ತೆಗಳಲ್ಲಿ ಬ್ಯಾಟರಿ ಕುಲುಕಾಡಿದರೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ.

ಒಂದು ಎಚ್ಚರಿಕೆ ಎಲ್ಲ ಓದುಗರಿಗೂ: ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಆದರೆ ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ, ಅದು ಜೀವ ತೆಗೆಯುವಷ್ಟು ವೋಲ್ಟೇಜಿನದು. ಅಂಥ ಕಾರನ್ನು ತರಬೇತಿ ಪಡೆದವರಿಗೇ ಬಿಡಿ.

ಪ್ರಶ್ನೆ: ಅಂಗಡಿಯವರು ಬ್ಯಾಟರಿ ಬದಲಿಸಿದ ಮೇಲೆ ಡ್ರೈವರ್ ಬದಿಯ ಗಾಜು ಒಂದೇ ಒತ್ತಿಗೆ ಏರುತ್ತಿಲ್ಲ. ಕಾರು ಜಾರುತ್ತಿರುವ ಚಿತ್ರದ ಹಳದಿ ದೀಪ ಉರಿಯುತ್ತಿದೆ. ಕಾರು ಕೆಟ್ಟಿತೇ?
– ಓದುಗರು, ಕಲಬುರಗಿ

ಉತ್ತರ: ಕೆಟ್ಟಿಲ್ಲ. ಕರೆಂಟು ತಪ್ಪಿದಾಗ ಕಾರು ಕೆಲವು ಸಂಗತಿಗಳನ್ನು ಮರೆತಿದೆ. ಗಾಜನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೆಯೇ ಎಳೆದು ಹಿಡಿಯಿರಿ. ಬಹಳಷ್ಟು ಕಾರುಗಳಲ್ಲಿ ಇಷ್ಟೇ ಸಾಕು. ಹಳದಿ ದೀಪಕ್ಕೆ, ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನೆಟ್ಟಗಿರುವ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ಆಗಲೂ ಆರದಿದ್ದರೆ ಸ್ಟೀರಿಂಗ್ ಸೆನ್ಸರನ್ನು ಸ್ಕ್ಯಾನರಿನಿಂದ ಹೊಂದಿಸಬೇಕು.

ನಿಮ್ಮದು ಕಲಬುರಗಿ ಎಂದಿರಿ, ಆದ್ದರಿಂದ ಇನ್ನೊಂದು ಮಾತು. ಹಳೆಯ ಬ್ಯಾಟರಿಯ ಸುತ್ತ ದಪ್ಪ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಕವಚ ಇತ್ತೇ? ಅವಸರದಲ್ಲಿ ಅದನ್ನು ಮೂಲೆಗೆ ಎಸೆಯುವವರು ಬಹಳ. ಎಂಜಿನ್ನಿನ ಕಾವು ತಾಗದಿರಲೆಂದು ಕಂಪನಿ ಕೊಟ್ಟದ್ದು ಅದು. ಬ್ಯಾಟರಿಯನ್ನು ಸವೆಸುವುದು ನಿಮ್ಮ ಊರಿನ ಏಪ್ರಿಲ್, ಮೇ ಬಿಸಿಲು. ಅದು ಬಯಲಾಗುವುದು ಡಿಸೆಂಬರಿನ ಚಳಿಯ ಬೆಳಿಗ್ಗೆ. ಇವತ್ತೇ ಅಂಗಡಿಗೆ ಹೋಗಿ ಕವಚ ವಾಪಸು ತಂದು ಹಾಕಿಸಿ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತಿದ್ದೇನೆ, ನಾಲ್ಕು ತಿಂಗಳು ಕಾರು ನಿಂತೇ ಇರುತ್ತದೆ. ಬ್ಯಾಟರಿ ಬಿಚ್ಚಿಡಲೇ?
– ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ಮಾತ್ರ ಬಿಚ್ಚಿಸಿ ಹೋಗಿ. ಅಲಾರ್ಮ್, ಡ್ಯಾಶ್‌ಕ್ಯಾಮ್ ಇವೆಲ್ಲ ನಿಂತ ಕಾರಿನಲ್ಲೂ ಸ್ವಲ್ಪಸ್ವಲ್ಪವಾಗಿ ಕರೆಂಟು ಹೀರುತ್ತವೆ. ಖಾಲಿಯಾಗಿ ತಿಂಗಳುಗಟ್ಟಲೆ ನಿಂತ ಬ್ಯಾಟರಿ ಮತ್ತೆ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ. ಅದರೊಳಗೆ ಅಡಗಿರುವ ಲೋಹದ ಕೀಲಿಯನ್ನು ಹೊರಗೆಳೆದು, ಅದರಿಂದ ಬಾಗಿಲು ತೆರೆಯುತ್ತದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರಾದರೆ ಬಿಚ್ಚಬೇಡಿ, ಡಿಕ್ಕಿಯ ಬೀಗ ಕರೆಂಟಿನದಾಗಿದ್ದರೆ ತೆರೆಯಲು ಪರದಾಡಬೇಕಾಗುತ್ತದೆ. ಅಂಥ ಕಾರಾದರೆ ನಂಬಿಕೆಯವರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆಫ್ ಮಾಡುವುದರಿಂದ ಉಪಯೋಗವಿಲ್ಲ.

ಪ್ರಶ್ನೆ: ಕಾರಿನ ಹಳೆಯ ಬ್ಯಾಟರಿಯನ್ನು ಮನೆಯ ಇನ್ವರ್ಟರ್‌ಗೆ ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ. ಕಾರಿನ ಬ್ಯಾಟರಿಯ ಪ್ಲೇಟುಗಳು ತೆಳು. ಒಮ್ಮೆಗೇ ಜೋರಾಗಿ ಕರೆಂಟು ಕೊಡಲು ಮಾಡಿದವು, ಗಂಟೆಗಟ್ಟಲೆ ಫ್ಯಾನು ತಿರುಗಿಸಲು ಅಲ್ಲ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಕಳೆದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗುಜರಿಗೆ ಹಾಕಬೇಡಿ. ಅಲ್ಲಿ ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಸೀಸ ಕರಗಿಸುವವರ ಕೈಗೆ ಅದು ಹೋಗಬಹುದು, ಆ ಹೊಗೆ ಮಕ್ಕಳಿಗೆ ವಿಷ. ಅಂಗಡಿಗೆ ಒಯ್ಯುವಾಗ ಟರ್ಮಿನಲ್‌ಗಳಿಗೆ ಟೇಪು ಸುತ್ತಿ, ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಒಯ್ಯಿರಿ, ಸೀಟಿನ ಮೇಲೆ ಮಲಗಿಸಬೇಡಿ.