ಅಸೆಂಬಲ್ ಮಾಡಿಸುವುದಾ, ರೆಡಿ ತರುವುದಾ?

ಪ್ರಶ್ನೆ: ನಮ್ಮದು ಕಟಪಾಡಿ. ಯಜಮಾನರು ಮದುವೆ, ಯಕ್ಷಗಾನದ ವಿಡಿಯೊ ಮಾಡುತ್ತಾರೆ. ಎಡಿಟಿಂಗ್ ನನ್ನದು. ಕಂಪ್ಯೂಟರ್ 2017ರದ್ದು, ಐ5 7400 ಪ್ರೊಸೆಸರ್, 16 ಜಿಬಿ ರ್‍ಯಾಮ್. ಹೊಸ ಕ್ಯಾಮೆರಾದ ಫೈಲ್ ಹಾಕಿದರೆ ಚೆಂಡೆ ಒಂದು ಕಡೆ, ಕುಣಿತ ಇನ್ನೊಂದು ಕಡೆ. ವಿಂಡೋಸ್ 11 ಕೂಡ ಬರುವುದಿಲ್ಲವಂತೆ. ಉಡುಪಿಯ ಅಂಗಡಿಯವರು 60 ಸಾವಿರಕ್ಕೆ ಅಸೆಂಬಲ್ ಮಾಡಿಕೊಡುತ್ತಾರೆ, ಅವರ ಚೀಟಿಯ ನಕಲು ಇಟ್ಟಿದ್ದೇನೆ. ನಾದಿನಿಯ ಮಗ ಮಾತ್ರ "ಸುಮ್ನೆ ಕಂಪನಿಯದ್ದೇ ತನ್ನಿ ಅತ್ತೆ, ವಾರಂಟಿ ಉಂಟು" ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮಗೆ ಅಸೆಂಬಲ್ ಮಾಡಿಸಿದ್ದೇ ಒಳ್ಳೆಯದು. ಆದರೆ ಆ ಚೀಟಿಯಂತೆ ಬೇಡ.

ಮೊದಲ ಸಾಲಿನಲ್ಲೇ "ಐ5 12400ಎಫ್" ಎಂದಿದೆ. ಕೊನೆಯ ಎಫ್ ಕಂಡಿರಾ? ಇಂಟೆಲ್‌ನಲ್ಲಿ ಎಫ್ ಎಂದಿದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಹಾಕಬೇಕು. ಚೀಟಿಯನ್ನು ಎರಡು ಸಲ ಓದಿದೆ, ಕಾರ್ಡ್ ಎಲ್ಲೂ ಇಲ್ಲ ಮಾರಾಯ್ರೆ! ಹಾಗೇ ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಆಮೇಲೆ ಅಂಗಡಿಯಿಂದ ಫೋನ್ ಬರುತ್ತದೆ: "ಒಂದು ಕಾರ್ಡ್ ಬೇಕಾಗ್ತದೆ ಅಕ್ಕ."

ಎಫ್ ಇಲ್ಲದ 12400 ಕೇಳಿ. ರೇಟು ಸ್ವಲ್ಪ ಜಾಸ್ತಿ, ಆದರೆ ನಿಮ್ಮ ಕೆಲಸಕ್ಕೆ ಬೇಕಾದದ್ದು ಅದರಲ್ಲೇ ಇದೆ. ಈಗಿನ ಹಲವು ಕ್ಯಾಮೆರಾಗಳು 10 ಬಿಟ್, 4:2:2 ಎಂಬ ಬಗೆಯ ಎಚ್‌ಇವಿಸಿ ಫೈಲ್, ಅಂದರೆ ಬಿಗಿಯಾಗಿ ಕುಗ್ಗಿಸಿದ ವಿಡಿಯೊ ಕೊಡುತ್ತವೆ. ಅದನ್ನು ಬಿಡಿಸುವ (ಡಿಕೋಡಿಂಗ್) ಹಾರ್ಡ್‌ವೇರ್ ನಿಮ್ಮ 7400ರಲ್ಲಿ ಇಲ್ಲ. ಚೆಂಡೆ, ಕುಣಿತ ಬೇರೆಯಾಗುವುದಕ್ಕೆ ಇದೇ ಕಾರಣ ಇರಬಹುದು. 12400ರ ಒಳಗಿನ ಗ್ರಾಫಿಕ್ಸ್‌ಗೆ ಅದು ನೀರು ಕುಡಿದಷ್ಟು ಸುಲಭ. ಎಷ್ಟೋ ದುಬಾರಿ ಕಾರ್ಡುಗಳಿಗೇ ಇದು ಬರುವುದಿಲ್ಲ ಗೊತ್ತಾ? ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯಾ ನೋಡಿಕೊಳ್ಳಿ.

ರ್‍ಯಾಮ್ ಹೊಸತು ಬೇಡ. 2025ರ ಕೊನೆಯಿಂದ ಅದರ ಬೆಲೆ ಬಂಗುಡೆ ಸಿಗದ ಮಳೆಗಾಲದ ಮೀನು ಮಾರ್ಕೆಟ್ಟಿನ ಹಾಗಾಗಿದೆ. ಹಳೆ ಕಂಪ್ಯೂಟರಿನ ಬದಿ ತೆಗೆದು ರ್‍ಯಾಮಿನ ಸ್ಟಿಕ್ಕರ್ ಓದಿ. ಡಿಡಿಆರ್4 (ರ್‍ಯಾಮಿನ ಒಂದು ತಲೆಮಾರು) ಎಂದಿದ್ದರೆ ಅದನ್ನೇ ಹೊಸದಕ್ಕೆ ಹಾಕಬಹುದು. ಅದಕ್ಕೆ ಡಿಡಿಆರ್4 ತೆಗೆದುಕೊಳ್ಳುವ ಮದರ್‌ಬೋರ್ಡೇ ಬೇಕು. ಚೀಟಿಯಲ್ಲಿರುವುದು ಡಿಡಿಆರ್5 ಬೋರ್ಡ್, ಇದರ ಕಚ್ಚು ಬೇರೆ, ಒತ್ತಿದರೂ ಕೂರುವುದಿಲ್ಲ. ನಾಲ್ಕು ಸ್ಲಾಟಿನ ಬಿ760 ಬೋರ್ಡಿನ ಡಿಡಿಆರ್4 ಮಾದರಿ ಸಿಗುತ್ತದಾ ಕೇಳಿ. ಬೆಲೆ ಇಳಿದ ಮೇಲೆ ಇನ್ನೆರಡು ರ್‍ಯಾಮ್ ಸೇರಿಸಬಹುದು.

ಉಳಿದ ಹಣವನ್ನು ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಕ್ಕೆ, ಅಂದರೆ ಎಸ್‌ಎಂಪಿಎಸ್‌ಗೆ ಹಾಕಿ. ಚೀಟಿಯಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಒಂದೇ ಸಾಲು. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವ ಆ ಡಬ್ಬವನ್ನು ನಾನಂತೂ ನಂಬುವುದಿಲ್ಲ. ಐದು ವರ್ಷ ವಾರಂಟಿಯದ್ದು ಬೇರೆಯೇ ಕೊಳ್ಳಿ. ಕಡಲ ಬದಿಯ ಮನೆಗಳ ಕಂಪ್ಯೂಟರ್ ಬಿಚ್ಚಿದರೆ ಏನು ಕಾಣುತ್ತದೆ ಅಂದರೆ, ಸ್ಕ್ರೂ ತಲೆಗೆ ತುಕ್ಕು, ಪೋರ್ಟಿನೊಳಗೆ ಹಸಿರು ಪಾಚಿಯಂಥದ್ದು, ಎಸ್‌ಎಂಪಿಎಸ್‌ನಲ್ಲಿ ಇರುವೆ ಗೂಡು. ಒಮ್ಮೆ ಒಣಗಿದ ಹಲ್ಲಿ ಸಿಕ್ಕಿತ್ತು, ಎರಡು ತಂತಿಗೂ ಕಾಲು ಕೊಟ್ಟುಕೊಂಡು. ಹಿಂಬದಿಯ ಖಾಲಿ ಸ್ಲಾಟುಗಳಿಗೆ ಮುಚ್ಚಳ ಹಾಕಿಸಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಸಿಡಿಲಿನ ವಿಷಯ ನನ್ನ ಅನುಭವದಿಂದಲೇ ಹೇಳುತ್ತೇನೆ. ಒಂದು ಅಕ್ಟೋಬರ್ ಸಂಜೆ ಕದ್ರಿ ಕಡೆ ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆದು ಜಾಣನ ಹಾಗೆ ಚಾ ಕುಡಿಯುತ್ತಾ ಕೂತಿದ್ದೆ. ಇಂಟರ್ನೆಟ್ಟಿನ ಲ್ಯಾನ್ ವೈರ್ ಹಾಗೇ ಇತ್ತು. ಟಪ್ ಅಂತ ಒಂದು ಸದ್ದು ಬಂತು. ರೂಟರ್ ಸತ್ತಿತು, ಜತೆಗೆ ಮದರ್‌ಬೋರ್ಡ್ ಕೂಡ. ಪ್ಲಗ್ ತೆಗೆಯುವಾಗ ಆ ವೈರನ್ನೂ ತೆಗೆಯಿರಿ. ಅರ್ತಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ.

ನಾದಿನಿಯ ಮಗ ಹೇಳಿದ್ದೂ ಸುಳ್ಳಲ್ಲ. ಕಂಪನಿ ಡೆಸ್ಕ್‌ಟಾಪಿನ ಬೆಲೆಯಲ್ಲಿ ಸಾಮಾನ್ಯವಾಗಿ ವಿಂಡೋಸ್ ಸೇರಿರುತ್ತದೆ. ನಿಮ್ಮ ಚೀಟಿಯಲ್ಲಿ ವಿಂಡೋಸ್ ಲೆಕ್ಕವೇ ಇಲ್ಲ, ಅದನ್ನು ಸೇರಿಸಿ ಹೋಲಿಸಿ. "ನಾವು ಹಾಕಿಕೊಡ್ತೇವೆ" ಎಂದರೆ ಬಿಲ್ ಕೇಳಿ. ಆದರೆ ಕಂಪನಿಯವುಗಳಲ್ಲಿ ಬೋರ್ಡ್, ಎಸ್‌ಎಂಪಿಎಸ್ ಎರಡೂ ಅವರದೇ ಅಳತೆಯವು ಇರುವುದು ಹೆಚ್ಚು. ವಾರಂಟಿ ಮುಗಿದ ಮೇಲೆ ಸೀಸನ್ ನಡುವೆ ಕೈಕೊಟ್ಟರೆ ಉಡುಪಿಯ ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಮದುವೆ ಪಾರ್ಟಿಯವರು ಕಾಯುತ್ತಾರಾ?

ಪ್ರಶ್ನೆ: ನಾನು ನಿವೃತ್ತ, ಕಾಪುವಿನಲ್ಲಿದ್ದೇನೆ. ಬ್ಯಾಂಕ್ ಕೆಲಸ, ಪೇಪರ್ ಓದುವುದು, ಮಗಳ ಜತೆ ವಿಡಿಯೊ ಕಾಲ್, ಇಷ್ಟೇ. ವಿಂಡೋಸ್ 10ರ ಅವಧಿ ಮುಗಿಯಿತಲ್ಲ, ಅಸೆಂಬಲ್ ಮಾಡಿಸಿದರೆ ಅಗ್ಗವೇ?

ಉತ್ತರ: ಹೌದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಕೊಳ್ಳುವ ಮೊದಲು ಹಳೆಯದರ ಮೇಲಿನ ಸ್ಟಿಕ್ಕರ್ ನೋಡಿ. ಇಂಟೆಲ್ 8ನೇ ತಲೆಮಾರಿನದೋ ನಂತರದ್ದೋ ಆದರೆ ಸಾಮಾನ್ಯವಾಗಿ ವಿಂಡೋಸ್ 11 ಬರುತ್ತದೆ. ಹಳೆ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಒಂದನ್ನು ಹಾಕಿಸಿದರೆ ಸಾಕು. ಅದಕ್ಕಿಂತ ಹಳೆಯದಾದರೆ ಅಸೆಂಬಲ್ ಗೋಜು ಬೇಡ ಸರ್, ಕಂಪನಿಯ ಸಣ್ಣ ಡೆಸ್ಕ್‌ಟಾಪ್ ತನ್ನಿ, ಮನೆಗೆ ಬಂದು ರಿಪೇರಿ ಮಾಡುವ ವಾರಂಟಿ ಎಷ್ಟು ವರ್ಷ ಎಂದು ಕೇಳಿಕೊಂಡು. ಮಾನಿಟರ್ ಹಳೆಯದೇ ಸಾಕು. ಅದರ ಹಿಂದೆ ನೀಲಿ ಬಣ್ಣದ ವಿಜಿಎ ಪಿನ್ ಮಾತ್ರ ಇದ್ದರೆ, ಎಚ್‌ಡಿಎಂಐಯಿಂದ ವಿಜಿಎಗೆ ಮಾಡುವ ಸಣ್ಣ ಕನ್ವರ್ಟರ್ ಒಂದನ್ನು ಅದೇ ಅಂಗಡಿಯಲ್ಲಿ ಕೇಳಿ ಚೀಲಕ್ಕೆ ಹಾಕಿಕೊಳ್ಳಿ.