ಅಮೆರಿಕದಲ್ಲಿ ಮಗನ ಸಹಪಾಠಿಗಳಿಗೆ ಯಾರೋ ಪುಕ್ಕಟೆಯಾಗಿ ಬೇಟೆ ಕಲಿಸುತ್ತಾರಂತೆ. ಯಾರಿವರು? ಸಂಬಳವಿಲ್ಲದೆ ಯಾಕೆ ಕಲಿಸುತ್ತಾರೆ?

ಬಹುಪಾಲು ಆಯಾ ಊರಿನ ಬೇಟೆಗಾರರೇ. ರಾಜ್ಯದ ವನ್ಯಜೀವಿ ಇಲಾಖೆ ತರಬೇತಿ ಕೊಟ್ಟು ಅವರನ್ನು ಬೋಧಕರನ್ನಾಗಿ ಮಾಡುತ್ತದೆ. ಬೇಟೆ ಲೈಸೆನ್ಸ್ ಬೇಕೆಂದರೆ ಸಾಮಾನ್ಯವಾಗಿ ಸುರಕ್ಷತಾ ಕೋರ್ಸ್ ಪಾಸಾಗಿರಬೇಕು; ಆ ತರಗತಿಗಳು ಹೆಚ್ಚಾಗಿ ನಡೆಯುವುದು ಇವರಿಂದಲೇ.

ಕಾಡಿನ ಪಾಠ ಬೇರೆ. ಪೆನ್ಸಿಲ್ವೇನಿಯಾದ ಪದ್ಧತಿ ನನಗೆ ತುಂಬ ಹಿಡಿಸಿತು. 12 ವರ್ಷದೊಳಗಿನ ಮಗುವಿನ ಜೊತೆ ಕನಿಷ್ಠ 21 ವರ್ಷದ, ಲೈಸೆನ್ಸ್ ಇರುವ ಹಿರಿಯರು ಇರಲೇಬೇಕು. ಇಬ್ಬರಿಗೂ ಸೇರಿ ಒಂದೇ ಬಂದೂಕು. ನಡೆಯುವಾಗ ಅದು ಹಿರಿಯರ ಕೈಯಲ್ಲಿ. ಒಂದು ಕಡೆ ಕೂತ ಮೇಲಷ್ಟೇ ಮಗುವಿನ ಕೈಗೆ, ಅದೂ ಕೈಗೆಟಕುವಷ್ಟು ಹತ್ತಿರದಲ್ಲಿ. ಹಾಗಾಗಿ ಗುಂಡು ಹಾರಿಸುವುದಕ್ಕಿಂತ ಬೇರೆಯದೇ ಜಾಸ್ತಿ: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹೆಜ್ಜೆ ಗುರುತು ಹೊಸದೋ ಹಳೆಯದೋ, ಜಿಂಕೆಯ ಹಿಂದುಗಡೆ ಮನೆಯಿದೆಯೋ ರಸ್ತೆಯಿದೆಯೋ. ಅನುಮಾನ ಬಂದರೆ ಹೊಡೆಯದೆ ಬಿಡುವುದು.

ಇನ್ನು ಯಾಕೆ? ಅಪ್ಪನೋ ತಾತನೋ ಕಲಿಸಿದ್ದನ್ನು ಮುಂದಿನವರಿಗೆ ದಾಟಿಸುವ ಆಸೆ ಇದ್ದೇ ಇರುತ್ತದೆ. ಇದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ಶೇ. 10-11ರ ತೆರಿಗೆ ವನ್ಯಜೀವಿ ಕೆಲಸಕ್ಕೆಂದು ರಾಜ್ಯಗಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಕೇಂದ್ರ ಶೇ. 75 ಕೊಟ್ಟರೆ ರಾಜ್ಯ 25 ಹಾಕಬೇಕು. ಸ್ವಯಂಸೇವಕರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ರಾಜ್ಯದ ಪಾಲಿಗೆ ಜಮಾ ಮಾಡಿಕೊಳ್ಳಬಹುದು. ಅಂದರೆ ಬೋಧಕರ ಹಾಜರಿ ಪುಸ್ತಕವೂ ಅಲ್ಲಿ ದುಡ್ಡೇ!

ಮಗ ಕಲಿಯಲಿ, ತೊಂದರೆಯಿಲ್ಲ. ರಜೆಗೆ ಊರಿಗೆ ಬಂದಾಗ ಮಾತ್ರ ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ ಅಂತ ಮೊದಲೇ ಹೇಳಿಬಿಡಿ.